ಗಂಟು ಕಟ್ಟಿದ ಬೇರು

ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದ ಶಿಷ್ಯ ಕೇಳಿದ: "ಗುರುಗಳೇ, ಷರತ್ತಿನ ಸಾಲನ್ನು ಹೇಗೇ ಬರೆದಿರಲಿ, ಯಂತ್ರ ಮೊದಲು 'ಅಲ್ಲ'ವನ್ನು ಬಿಡಿಸುತ್ತದೆ, ಆಮೇಲೆ 'ಮತ್ತು', ಕೊನೆಗೆ 'ಅಥವಾ'. ಈ ಕ್ರಮ ನನಗೆ ಬಾಯಿಪಾಠ. ಆದರೂ ನನ್ನ ಸಾಲು ಸಾಲಿನಲ್ಲೂ ಮೊದಲು ಬಿಡಿಸಬೇಕಾದದ್ದಕ್ಕೆ ನೀವು ಬ್ರಾಕೆಟ್ ಹಾಕುತ್ತೀರಿ. ಜೊತೆಯವರು ನಗುತ್ತಾರೆ. ನನ್ನ ನೆನಪಿನ ಮೇಲೆ ನಿಮಗೆ ನಂಬಿಕೆ ಇಲ್ಲವೇ?"

ಗುರುಗಳು ಹೇಳಿದರು:

ಒಬ್ಬ ವೈದ್ಯನಿದ್ದ. ಅವನ ಮನೆಯಲ್ಲಿ ಒಂದು ಕಟ್ಟಳೆ. ಔಷಧದ ಚೀಟಿಯಲ್ಲಿ ಯಾವುದು ಮುಂದಿರಲಿ, ಯಾವುದು ಹಿಂದಿರಲಿ, ಬೇಯಿಸುವುದು ಮೊದಲು, ಅರೆಯುವುದು ಆಮೇಲೆ, ಬೆರೆಸುವುದು ಕೊನೆಗೆ. ಅದನ್ನು ಅವನು ಒಂದೇ ಸಲ ಹೇಳುತ್ತಿದ್ದ. ಎರಡನೆಯ ಸಲ ಕೇಳಿದವರನ್ನು ದಡ್ಡರೆಂದು ಬೈಯುತ್ತಿದ್ದ. ಬುದ್ಧಿವಂತರಿಗೆ ಬೈಗುಳ ಬಲು ಸಲೀಸು.

ಒಮ್ಮೆ ಊರಿಗೆಲ್ಲ ಜ್ವರ ಬಂತು. ಔಷಧ ಅರೆಯುವ ಹೆಂಗಸೊಬ್ಬಳು ಮೂರು ದಿನ ಕಲ್ಲಿನ ಮುಂದಿನಿಂದ ಎದ್ದಿರಲಿಲ್ಲ. ಒಬ್ಬ ಕುಂಬಾರನ ಚೀಟಿ ಅವಳ ಕೈಗೆ ಬಂತು. 'ಬೇರು ಅರೆ, ಮೆಣಸು ಬೆರೆಸು, ಹಾಲಿನಲ್ಲಿ ಬೇಯಿಸು' ಎಂದಿತ್ತು. ಅದು ವಿಷದ ಬೇರು. ಮೊದಲು ಹಾಲಿನಲ್ಲಿ ಬೇಯಿಸಿ, ವಿಷ ಇಳಿದ ಆ ಹಾಲನ್ನು ಚೆಲ್ಲಿ, ಆಮೇಲೆ ಅರೆಯಬೇಕು. ದಣಿದ ಹೆಂಗಸು ಬರೆದ ಕ್ರಮದಲ್ಲೇ ಮಾಡಿದಳು. ಕುಂಬಾರನಿಗೆ ಬಟ್ಟಲು ಕೊಟ್ಟಳು.

ಚೆಲ್ಲಬೇಕಾದ ಹಾಲು ಎಲ್ಲಿ ಎಂದು ತಿರುಗಿ ನೋಡಿದಳು. ಪಾತ್ರೆ ಬರಿದಾಗಿತ್ತು; ಹಾಲೆಲ್ಲ ಬಟ್ಟಲಿಗೆ ಹೋಗಿತ್ತು. ಓಡಿಹೋಗಿ ಕುಂಬಾರನ ಬಾಯಿಯ ಹತ್ತಿರವಿದ್ದ ಬಟ್ಟಲನ್ನು ಹೊಡೆದು ಕೆಡವಿದಳು. ಅವನು ಬದುಕಿದ.

ವೈದ್ಯ ಕೆಂಡವಾದ. "ಕ್ರಮ ಮರೆತೆಯಾ? ಹೊರಗೆ ಕೂತು ನೂರು ಸಲ ಬಾಯಿಪಾಠ ಮಾಡು. ಆಮೇಲೆ ಒಳಗೆ ಬಾ."

"ಮಾಡುವುದಿಲ್ಲ ಪಂಡಿತರೇ," ಎಂದಳು ಅವಳು. "ಕ್ರಮ ನನಗೆ ಬರುತ್ತದೆ. ಬಂದೂ ಕೈ ತಪ್ಪಿತು. ಮೊದಲು ಬೇಯಬೇಕಾದದ್ದನ್ನು ಬಟ್ಟೆಯಲ್ಲಿ ಬೇರೆಯಾಗಿ ಗಂಟು ಕಟ್ಟಿ ಕೊಡಿ. ಗಂಟಿನ ಕೆಲಸ ಮುಗಿಯದೆ ನಾನು ಬೇರೇನನ್ನೂ ಮುಟ್ಟುವುದಿಲ್ಲ. ಗಂಟಿಲ್ಲದ ಚೀಟಿಗೆ ಇನ್ನು ಅರೆಯುವುದೂ ಇಲ್ಲ."

"ಗಂಟು ಕಟ್ಟುವುದು ಏನೂ ತಿಳಿಯದವರ ಕೆಲಸ. ಊರು ನಗುತ್ತದೆ."

"ನಗಲಿ ಬಿಡಿ. ನಕ್ಕರೆ ಯಾರೂ ಸಾಯುವುದಿಲ್ಲ."

ಗುಂಡುಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಅವಳು ಹೊಸ್ತಿಲಲ್ಲೇ ಕೂತಳು. ವೈದ್ಯ ಕೆಲಸದಿಂದ ಬಿಡಿಸುತ್ತೇನೆಂದ. ಅವಳು ಏಳಲಿಲ್ಲ. ಒಳಗೆ ಅರೆಯುತ್ತಿದ್ದ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು. ಜಗಲಿಯ ಮೇಲೆ ರೋಗಿಗಳು ನರಳುತ್ತಿದ್ದರು. ಅವರಲ್ಲಿ ಒಬ್ಬನೂ ಅವಳನ್ನು ಏಳು ಎನ್ನಲಿಲ್ಲ. ಕುಂಬಾರನ ಬಟ್ಟಲನ್ನು ಎಲ್ಲರೂ ನೋಡಿದ್ದರು. ವೈದ್ಯನಿಗೆ ಬೇರೆ ದಾರಿ ಉಳಿಯಲಿಲ್ಲ. ತನ್ನ ಹೆಗಲ ಮೇಲಿನ ಶಲ್ಯವನ್ನೇ ಹರಿದು, ಎಲ್ಲರೂ ನೋಡುತ್ತಿದ್ದಂತೆ, ಮೊದಲ ಗಂಟು ಕಟ್ಟಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅವಳೇನೋ ಮರೆತಳು ಗುರುಗಳೇ. ನಾನು ಇದುವರೆಗೆ ಒಮ್ಮೆಯೂ ಮರೆತಿಲ್ಲ."

"ಅದರ ಹಿಂದಿನ ದಿನ ಕೇಳಿದ್ದರೆ ಅವಳೂ ಇದನ್ನೇ ಹೇಳುತ್ತಿದ್ದಳು," ಎಂದರು ಗುರುಗಳು.