ಮೌಸು ಮುಟ್ಟದ ಗಂಗಹನುಮಕ್ಕ

ಯಾವ ಕಾಲ ಅಂತ ನನ್ನ ಕೇಳ್ಬೇಡಿ. ಕ್ಯಾಸೆಟ್ಟು ಹೋಗಿ ಸೀಡಿ ಬಂದು, ಸೀಡಿನೂ ಹೋದ ಮೇಲಿನ ಯಾವುದೋ ಕಾಲ. ಒಂದೂರಿತ್ತಂತೆ. ಊರು ಅಂದ್ರೆ ಒಂದು ಬಸ್ ಸ್ಟ್ಯಾಂಡು, ಅದರ ಎದುರಿಗೊಂದು ಛತ್ರ, ಛತ್ರದ ಪಕ್ಕ ಓಬಳೇಶ ಅನ್ನೋನ ವಿಡಿಯೋ ಅಂಗಡಿ. ಆ ಅಂಗಡಿ ಮೆಟ್ಟಿಲ ಮೇಲೆ ಬುಟ್ಟಿ ಇಟ್ಕೊಂಡು ಹೂ ಮಾರ್ತಿದ್ದೋಳು ಗಂಗಹನುಮಕ್ಕ. ನೀವೆಲ್ಲ ಎಡಿಟಿಂಗ್ ಕಲಿಯೋಕೆ ಬಂದಿದ್ದೀರಲ್ಲ, ಮೊದಲು ಆ ಮೌಸ್ ಬಿಟ್ಟು ಕೈ ಕಟ್ಟಿ ಕೂತ್ಕೊಳ್ಳಿ. ಅವಳ ಕತೆ ಕೇಳಿ, ಆಮೇಲೆ ಕಲಿಯೋರಂತೆ.

ನಾನವಳನ್ನ ನೋಡಿಲ್ಲ. ನೋಡಿದ್ದೀನಿ ಅಂದೋರನ್ನ ನೋಡಿದ್ದೀನಿ. ಅವರು ಹೇಳಿದ್ದನ್ನೇ ಹೇಳ್ತೀನಿ, ಹೆಚ್ಚು ಕಮ್ಮಿ ಆದ್ರೆ ಪಾಪ ಅವರಿಗೇ ಸೇರ್ಲಿ.

ಅವಳ ಬಾಯಿ ಬಲು ಜೋರಂತೆ. ಹೂ ಕಟ್ತಾ ಕಟ್ತಾ ಬಸ್ಸಿಂದ ಇಳಿದೋರನ್ನೆಲ್ಲ ಮಾತಾಡಿಸೋಳು, ಕಂಡಕ್ಟರ್ ಹತ್ರ ಜಗಳ ಆಡೋಳು, ಕಣ್ಣು ಮಾತ್ರ ಒಂದ್ಸಲನೂ ಕೈ ಕಡೆ ಹೋಗ್ತಿರ್ಲಿಲ್ವಂತೆ. ಹೂ ಕಟ್ಟೋರು ಯಾರು ಕೈ ನೋಡ್ಕೊಂಡು ಕಟ್ತಾರೆ ಹೇಳಿ? ಬಿಸಿಲೇರಿದ್ರೆ ಹೂ ಬಾಡತ್ತೆ ಅಂತ ಬುಟ್ಟಿ ಎತ್ಕೊಂಡು ಓಬಳೇಶನ ಫ್ಯಾನ್ ಕೆಳಗೆ ಬಂದು ಕೂರೋಳು. ಅವನು ಬೇಡ ಅಂದ್ರೂ ಕೂರೋಳು. ಒಂದಿನ ಆ ಒದ್ದೆ ಬುಟ್ಟೀನ ಕಂಪ್ಯೂಟರ್ ಟೇಬಲ್ ಮೇಲೆ ಇಟ್ಲು. ನೀರು ಸೋರಿ ಮೌಸ್ ಒಳಗೆ ಇಳೀತು, ಮೌಸ್ ಕೆಟ್ಟು ಕೂತಿತು.

ಮದುವೆ ಸೀಸನ್ನು ಬೇರೆ. ಹೊಸಾದು ತರ್ಬೇಕು ಅಂದ್ರೆ ದೂರದ ಪೇಟೆಗೆ ಹೋಗ್ಬೇಕು. ಓಬಳೇಶ ಬಾಯಿಗೆ ಬಂದಂಗೆ ಬೈದು, ತಲೆ ಮೇಲೆ ಕೈ ಹೊತ್ತು ಕೂತನಂತೆ. ಅವಳೇನು ಸುಮ್ನಿರೋಳಾ? ಇಷ್ಟುದ್ದದ ಹಲಗೆ ತುಂಬ ಗುಂಡಿ ಇಟ್ಟಿದ್ದಾರಲ್ಲ, ಅವೇನು ಶೋಕಿಗಾ ಅಂತ ಕೇಳಿದ್ಲಂತೆ. ಅವನಿಗೆ ಶಾರ್ಟ್‌ಕಟ್ ಗೊತ್ತಿತ್ತು, ಕೈಗೆ ಅಭ್ಯಾಸ ಇರ್ಲಿಲ್ಲ ಅಷ್ಟೆ. ಗೊತ್ತಿದ್ದಷ್ಟು ಅವನು ಹೇಳಿದ, ಅವಳು ಕೂತು ಒತ್ತಿದ್ಲು.

ಇಂಗ್ಲಿಷ್ ಅಕ್ಷರ ಅವಳಿಗೆ ಬರ್ತಿರ್ಲಿಲ್ಲ ಅಂತಾರೆ. ಜಾಗ ಹಿಡಿದು ಕಲಿತ್ಲು, ಹೆಸರು ತಾನೇ ಇಟ್ಕೊಂಡ್ಲು. ಜೆ ಒತ್ತಿದ್ರೆ ವಿಡಿಯೋ ಹಿಂದಕ್ಕೆ ಓಡತ್ತೆ, ಅದು ‘ಹಿಂದ್ಬಾ’. ಕೆ ನಿಲ್ಸತ್ತೆ, ಅದು ‘ನಿಲ್ಲೇ’. ಎಲ್ ಮುಂದಕ್ಕೆ, ಅದು ‘ನಡಿ’. ಎಲ್ ಮೇಲೆ ಎಲ್ ಒತ್ತಿದ್ರೆ ಇನ್ನೂ ಜೋರು. ಕಂಟ್ರೋಲ್ ಜಡ್ ‘ತಪ್ಪಾಯ್ತು’. ಕಂಟ್ರೋಲ್ ಎಸ್ ‘ಗಂಟು’. ಗಂಟು ಹಾಕದೆ ಎದ್ರೆ ಕಟ್ಟಿದ ಹಾರ ಎಲ್ಲ ಬಿಚ್ಕೊಳ್ಳಲ್ವಾ ಅನ್ನೋಳು. ಒಂದು ಗುಂಡಿ ಕೈಗೆ ಹತ್ತೋವರೆಗೆ ಇನ್ನೊಂದನ್ನ ಮುಟ್ತಿರ್ಲಿಲ್ಲ. ನೀವು ಒಂದೇ ದಿನ ಎಲ್ಲಾನೂ ಉರು ಹೊಡೆದು ಮಾರನೇ ದಿನ ಮರೀತೀರಲ್ಲ, ಹಂಗಲ್ಲ. ಹೊಸ ಮೌಸ್ ಬಂದ ಮೇಲೂ ಅಂಗಡಿ ಎಡಿಟಿಂಗ್ ಅವಳೇ ಮಾಡ್ತಿದ್ಲು, ಅದನ್ನ ಮಾತ್ರ ಮುಟ್ಲಿಲ್ವಂತೆ.

ಕರೆಂಟ್ ಇಲ್ಲದೇನೇ ಎಡಿಟ್ ಮಾಡ್ತಿದ್ಲು ಅಂತಾನೂ ಹೇಳ್ತಾರೆ. ಅದೆಲ್ಲ ಬರೀ ಬುರುಡೆ, ನಂಬಬೇಡಿ. ಕಣ್ಣಿಗೆ ಬಟ್ಟೆ ಕಟ್ಕೊಂಡು ಒಂದು ಆರತಕ್ಷತೆ ಮುಗಿಸಿದ್ಲು ಅಂತಾರೆ. ಅದು ಇದ್ರೂ ಇರಬಹುದು. ಆರತಕ್ಷತೇಲಿ ನೋಡೋಕೇನಿರತ್ತೆ, ಎಲ್ಲ ಕೈ ಕುಲುಕೋದೇ.

ಆ ಊರಲ್ಲೊಂದು ಪದ್ಧತಿ ಇತ್ತು. ಮದುವೆ ವಿಡಿಯೋಲಿ ಊಟದ ಪಂಕ್ತಿ ಇರ್ಬಾರ್ದು. ಬಾಯಿ ತೆರೆದದ್ದು, ಬೆರಳು ನೆಕ್ಕಿದ್ದು ಕಂಡ್ರೆ ಬೀಗರು ಆಡ್ಕೋತಾರೆ, ದೃಷ್ಟಿನೂ ಆಗತ್ತೆ ಅಂತ. ಕ್ಯಾಮೆರಾದೋನು ಪಂಕ್ತೀಲಿ ಓಡಾಡಿ ತೆಗೆಯೋದು ತೆಗೀತಿದ್ದ, ಅಂಗಡೀಲಿ ಅದನ್ನ ಕತ್ತರಿಸಿ ಎಸೀತಿದ್ರು. ಗಂಗಹನುಮಕ್ಕ ಅದರಲ್ಲಿ ಎತ್ತಿದ ಕೈ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದ್ರೆ ತುಂಡೂ ಹೋಗತ್ತೆ, ಬಿಟ್ಟ ಜಾಗಾನೂ ತಾನೇ ಕೂಡ್ಕೊಳ್ಳತ್ತೆ. ಅಲ್ಲೊಂದು ಊಟ ನಡೀತು ಅನ್ನೋ ಗುರುತೂ ಉಳೀತಿರ್ಲಿಲ್ಲ.

ಹೀಗಿರುವಾಗ ಸಣ್ಣತಿಮ್ಮಪ್ಪ ಅಂತ ಒಬ್ಬ ತೀರ್ಕೊಂಡ. ಮನೆಗಳಿಗೆ ಸುಣ್ಣ ಬಳಿಯೋನು. ಫೋಟೋ ಅಂದ್ರೆ ಆಗ್ತಿರ್ಲಿಲ್ಲ ಅವನಿಗೆ, ಕ್ಯಾಮೆರಾ ಕಂಡ್ರೆ ಸಾಕು, ಹೆಗಲ ಟವಲ್ ಎತ್ತಿ ಮುಖಕ್ಕೆ ಹಿಡಿಯೋನು. ನಾಳೆ ತಿಥಿ ಅನ್ನೋವಾಗ ಅವನ ಹೆಂಡ್ತಿ ಕೆಂಚಮ್ಮ ಹಾರ ಹೇಳೋಕೆ ಮೆಟ್ಟಿಲ ಹತ್ರ ಬಂದ್ಲು. ಫೋಟೋ ಎಷ್ಟು ದೊಡ್ಡದು, ಹಾರ ಎಷ್ಟುದ್ದ ಕಟ್ಲಿ ಅಂತ ಗಂಗಹನುಮಕ್ಕ ಕೇಳಿದ್ಲು. ಕೆಂಚಮ್ಮ ಬಾಯಿಗೆ ಸೆರಗು ಒತ್ಕೊಂಡ್ಲು. ಫೋಟೋನೇ ಇಲ್ಲ. ಗುರುತಿನ ಚೀಟಿ ಇರ್ಲಿಲ್ವಾ ಅಂತ ಕೇಳ್ತೀರಿ. ಇತ್ತು. ಅದರಲ್ಲಿದ್ದ ಮುಖ ಕಂಡಿದ್ರೆ ಅವರ ಮನೆ ನಾಯಿನೇ ಬೊಗಳ್ತಿತ್ತು.

ಹೋದ ತಿಂಗಳು ಮೈದುನನ ಮಗಳ ಮದುವೆಗೆ ಬಂದಿದ್ರು, ಅದರಲ್ಲಿ ಎಲ್ಲಾದ್ರೂ ಇದ್ದಾರೇನೋ ನೋಡಿ ಅಂದ್ಲಂತೆ ಕೆಂಚಮ್ಮ. ಆ ವಿಡಿಯೋ ಮಾಡಿದ್ದು ಇದೇ ಅಂಗಡಿ. ಮುಗಿಸಿಟ್ಟಿದ್ದನ್ನ ಹಾಕಿ ನೋಡಿದ್ರು, ಎಲ್ಲೂ ಇಲ್ಲ. ಮುಹೂರ್ತದಲ್ಲಿ ಕಂಬದ ಹಿಂದೆ ನಿಂತಿದ್ದ. ಕ್ಯಾಮೆರಾಗೆ ಎದುರಾಗಿ ಕೂತಿದ್ದು ಊಟಕ್ಕೆ ಮಾತ್ರ, ಊಟಾನ ಕತ್ತರಿಸಿದ್ದೋಳು ಗಂಗಹನುಮಕ್ಕನೇ. ಆಗ ಕೆಂಚಮ್ಮ ಒಂದು ಮಾತು ಹೇಳಿದ್ಲು. ಈ ಕತೇಲಿ ಉಳಿದಿದ್ದನ್ನ ಒಬ್ಬೊಬ್ರು ಒಂದೊಂದು ಥರ ಹೇಳ್ತಾರೆ, ಆ ಮಾತೊಂದನ್ನ ಎಲ್ರೂ ಒಂದೇ ಥರ ಹೇಳ್ತಾರೆ.

“ಅಕ್ಕಾ, ಅವರ ಮೂಗು ಹೆಂಗಿತ್ತು ಅಂತ ಈಗ್ಲೇ ನೆನಪಿಗೆ ಬರ್ತಿಲ್ಲ. ವರ್ಷ ಕಳೆದ್ರೆ ಮುಖಾನೇ ಮರ್ತೋಗ್ತೀನಿ ಕಣಕ್ಕ.”

ಪುಣ್ಯಕ್ಕೆ, ಕ್ಯಾಮೆರಾದಿಂದ ಇಳಿಸಿದ್ದೆಲ್ಲ ಕಂಪ್ಯೂಟರಲ್ಲಿ ಇನ್ನೂ ಹಂಗೇ ಇತ್ತು, ಅಳಿಸಿರ್ಲಿಲ್ಲ. ಮೊದಲು ಓಬಳೇಶನೇ ಕೂತ. ಮೌಸಲ್ಲಿ ಹಿಡಿದು ಹಿಂದೆ ಮುಂದೆ ಎಳೆದ. ಅವನೂ ಪಾಪ ಊಟ ಬಿಟ್ಟು ಹುಡುಕಿದ, ಅವನ್ನ ಅನ್ನೋ ಹಂಗಿಲ್ಲ. ಆದ್ರೆ ಮೌಸಲ್ಲಿ ಎಳೆದ್ರೆ ಚಿತ್ರ ನೆಗೆದು ನೆಗೆದು ಹೋಗತ್ತೆ, ನಡುವಿನದು ಎಷ್ಟೋ ತಪ್ಪಿ ಹೋಗತ್ತೆ. ಅವನಿಗೆ ಸಿಕ್ಕಿದ್ದು ಒಂದೋ ಟವಲ್, ಇಲ್ಲಾ ಅಡ್ಡ ಬಂದ ಪಾಯಸದ ಬಕೆಟ್ಟು. ಇಲ್ಲ ಕಣಮ್ಮ ಅಂದುಬಿಟ್ಟ. ಕೆಂಚಮ್ಮ, ಹಂಗಾದ್ರೆ ಹಾರ ಬೇಡ, ಬಿಡಿ ಹೂವೇ ಕೊಡು ಅಂತ ಎದ್ಲು.

ಗಂಗಹನುಮಕ್ಕ ಅವಳ ಕೈ ಹಿಡಿದು ಕೂರಿಸಿದ್ಲು. ಓಬಳೇಶನ್ನ ಏಳಿಸಿ ತಾನು ಕೂತ್ಲು. ಎಲ್ ಒತ್ತಿ ಓಡಿಸಿದ್ಲು, ಟವಲ್ ಕಂಡ ಕಡೆ ಕೆ ಒತ್ತಿ ನಿಲ್ಸಿದ್ಲು. ಆಮೇಲೆ ಎಡಗಡೆ ಬಾಣದ ಗುಂಡಿ ಒತ್ತಿದ್ಲು. ಅದನ್ನ ಒಂದ್ಸಲ ಒತ್ತಿದ್ರೆ ಒಂದೇ ಒಂದು ಫ್ರೇಮ್, ಅಂದ್ರೆ ಒಂದೇ ಒಂದು ಚಿತ್ರ ಹಿಂದಕ್ಕೆ ಹೋಗತ್ತೆ, ಜಾಸ್ತಿ ಹೋಗು ಅಂದ್ರೂ ಹೋಗಲ್ಲ. ಒತ್ತಿದ್ಲು, ನೋಡಿದ್ಲು. ಒತ್ತಿದ್ಲು, ನೋಡಿದ್ಲು. ಟವಲ್ ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆಳಗಿಳೀತಾ ಬಂತು. ಹಣೆ ಬಂತು. ಹುಬ್ಬು ಬಂತು. ಕೆಂಚಮ್ಮ ಎದ್ದು ನಿಂತ್ಲಂತೆ. ಮೂಗು ಬಂತು. ಇನ್ನೊಂದು ಒತ್ತಿದ್ಲು, ಪೂರ್ತಿ ಮುಖ. ಮೀಸೆಗೆ ಪಾಯಸ ಮೆತ್ತಿತ್ತು, ಕೆನ್ನೆ ಉಬ್ಬಿತ್ತು, ಇನ್ನೊಂದು ಸೌಟು ಹಾಕಯ್ಯ ಅಂತ ಬಡಿಸೋನ ಕಡೆ ನೋಡಿ ನಗ್ತಾ ಇದ್ದ. ಅದಕ್ಕೂ ಹಿಂದಿನ ಫ್ರೇಮಿಗೆ ಹೋದ್ರೆ ಮುಖಕ್ಕೆ ಅಡ್ಡ ಬಕೆಟ್ಟು. ಮನುಷ್ಯ ಈ ಲೋಕದಲ್ಲಿ ಉಳಿದಿದ್ದು ಆ ಒಂದು ಫ್ರೇಮಲ್ಲಿ ಮಾತ್ರ.

ಓಬಳೇಶನಿಗೆ ಖುಷಿಯೋ ಖುಷಿ. ಮೀಸೆ ಒರೆಸ್ತೀನಿ, ಬಾಯಿ ಮುಚ್ಚಿಸ್ತೀನಿ, ಹಿಂದುಗಡೆ ದೇವಸ್ಥಾನ ಹಾಕ್ಕೊಡ್ತೀನಿ ಅಂದನಂತೆ. ತಿಥಿ ಫೋಟೋ ಅಂದ್ರೆ ಹಂಗೇ ತಾನೇ ಇರೋದು. ಕೆಂಚಮ್ಮ ಕೈ ಅಡ್ಡ ಹಿಡಿದ್ಲು.

“ಮುಟ್ಟಬೇಡಪ್ಪ. ಹೊಟ್ಟೆ ತುಂಬ ಉಂಡು ಹೋಗಿದ್ದಾರೆ. ಹಂಗೇ ಇರ್ಲಿ.”

ಅಷ್ಟು ಹೇಳಿ ಅತ್ಲು. ಗಂಗಹನುಮಕ್ಕನೂ ಅತ್ಲು. ಮಾರನೇ ದಿನ ಪಾಯಸದ ಮೀಸೆ ಫೋಟೋಗೆ ಹಾರ ಬಿತ್ತು, ನೆಂಟರು ಒಂದಷ್ಟು ಜನ ಮುಖ ಸಿಂಡರಿಸಿದ್ರು, ಆಮೇಲೆ ಅವರೇ ನಿಂತು ನಿಂತು ನೋಡಿದ್ರು.

ಗಂಗಹನುಮಕ್ಕ ಆಮೇಲೆ ಏನಾದ್ಲು ಅಂತ ಗೊತ್ತಿಲ್ಲ. ಮಗಳ ಊರಿಗೆ ಹೋದ್ಲು ಅಂತಾರೆ, ಅದೇ ಮೆಟ್ಟಿಲ ಮೇಲೆ ಕಣ್ಮುಚ್ಚಿದ್ಲು ಅಂತಾನೂ ಅಂತಾರೆ. ಆ ಊರಲ್ಲಿ ಮಾತ್ರ ಈಗ್ಲೂ ಕಲಿಯೋಕೆ ಬಂದೋರ ಕೈಗೆ ಮೌಸ್ ಕೊಡಲ್ಲ. ಊಟದ ಪಂಕ್ತಿ ಹಾಕ್ಕೊಟ್ಟು, ಬಾಣದ ಗುಂಡಿ ಒತ್ಕೊಂಡು ವಯಸ್ಸಾದೋರ ಒಬ್ಬೊಬ್ಬರದೂ ಒಂದೊಂದು ಮುಖ ಹುಡುಕಿ ಎತ್ತಿಡು ಅಂತಾರೆ. ಅದಕ್ಕೆ ಕಾಸು ಇಸ್ಕೊಳ್ಳಲ್ಲ. ಅಲ್ಲಿನ ಮನೆಗಳಿಗೆ ಹೋದ್ರೆ ಗೋಡೆ ನೋಡಿ, ಹಾರ ಹಾಕಿಸ್ಕೊಂಡ ಹಿರಿಯರೆಲ್ಲ ಉಣ್ತಾ ಇದ್ದಾರೆ. ಅಜ್ಜಿಯೊಬ್ಬಳ ಕೈಲಿ ಹಪ್ಪಳ, ತಾತ ಒಬ್ಬನ ಗಡ್ಡದಲ್ಲಿ ಅನ್ನದ ಅಗುಳು.

ಕ್ಯಾಮೆರಾ ಪಂಕ್ತಿಗೆ ಬಂತು ಅಂದ್ರೆ ಅಲ್ಲಿನ ಮುದುಕರು ಈಗ ಮುಖ ಮುಚ್ಕೊಳ್ಳಲ್ಲ. ತುತ್ತನ್ನ ಅಲ್ಲೇ ಹಿಡಿದು, ತಲೆ ಎತ್ತಿ ಒಂದು ಗಳಿಗೆ ನೋಡ್ತಾರೆ, ಆಮೇಲೆ ಉಣ್ತಾರೆ. ಹೋದ ವಾರ ಅದೇ ಛತ್ರದಲ್ಲಿ ಪಂಕ್ತಿಗೆ ಕೂತಾಗ ನಾನೂ ತಲೆ ಎತ್ತಿದೆ. ಹೋಳಿಗೆ ಚೆನ್ನಾಗಿತ್ತು.