ಗಿರಣಿಯವನ ಸೈಕಲ್ ಸೀಟು

"ಗುರುಗಳೇ, ಊಟಕ್ಕೆ ಕೂರುವ ಮೊದಲು ಉಪಕಾರ ಮಾಡಿದವರನ್ನು ನೆನೆಯಿರಿ ಎನ್ನುತ್ತೀರಿ. ನನಗೆ ಒಬ್ಬರೂ ನೆನಪಾಗುವುದಿಲ್ಲವಲ್ಲ, ಏನು ಮಾಡಲಿ?" ಎಂದು ಮರುಳಪ್ಪ ಕೇಳಿದ.

ಅವನು ಮಠಕ್ಕೆ ಬಂದು ಎಂಟು ವರ್ಷವಾಗಿತ್ತು. ಅಂದು ಬಟ್ಟೆಯ ಗಂಟನ್ನು ಕಟ್ಟಿ, ಬಾಗಿಲ ಬಳಿ ಇಟ್ಟೇ ಒಳಗೆ ಬಂದಿದ್ದ.

"ಯಾರೂ ನೆನಪಾಗುವುದಿಲ್ಲವೇ?" ಎಂದರು ಗುರುಗಳು.

"ಅಡುಗೆಯವರು ದಿನಾ ಗದರುವುದು ನೆನಪಾಗುತ್ತದೆ. ಒಂದು ಚಳಿಗಾಲ ಕಂಬಳಿ ಸಾಲದೆ ನಡುಗಿದ್ದು ನೆನಪಾಗುತ್ತದೆ. ನಾಲ್ಕು ಜನರ ಮುಂದೆ ನೀವು ನನ್ನ ಉಚ್ಚಾರಣೆ ತಿದ್ದಿದ್ದಂತೂ ಬಹಳ ಚೆನ್ನಾಗಿ ನೆನಪಾಗುತ್ತದೆ. ಒಳ್ಳೆಯದು ಮಾಡಿದವರು ಯಾರಾದರೂ ಇದ್ದಿದ್ದರೆ ಅವರೂ ನೆನಪಾಗಬೇಕಿತ್ತಲ್ಲ? ಯಾರೂ ಇಲ್ಲವೆಂದ ಮೇಲೆ ನಾನು ಇಲ್ಲಿ ಇರುವುದೇಕೆ? ಹೊರಡುತ್ತೇನೆ, ಅಪ್ಪಣೆ ಕೊಡಿ."

ಗುರುಗಳು ನಕ್ಕರು. "ಹೊರಡು, ಅದಕ್ಕೇನು. ದೂರದ ದಾರಿ, ಒಂದು ಕತೆ ಕೇಳಿಕೊಂಡು ಹೋಗು" ಎಂದರು.

ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಅವನಿಗೆ ಒಬ್ಬಳು ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದವಳು ಅವಳೇ. ಅವಳನ್ನು ನಲವತ್ತು ಮೈಲಿ ಆಚೆಯ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಒಂದು ವರ್ಷ ಅವಳು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಮತ್ತೆ ನಡೆದಾಳೆಂಬ ಭರವಸೆ ವೈದ್ಯರಿಗೂ ಇರಲಿಲ್ಲ. ಗಿರಣಿಯವನು ಮನೆದೇವರ ಮುಂದೆ ನಿಂತು ಹರಕೆ ಹೊತ್ತ. ಅಕ್ಕ ಎದ್ದು ನಡೆದರೆ ಹೊಸ ರಾಗಿಯನ್ನು ನಾನೇ ಬೀಸಿ, ನನ್ನ ಸೈಕಲ್ಲಿನ ಮೇಲೆ ನಾನೇ ತುಳಿದುಕೊಂಡು ಹೋಗಿ, ಅವಳ ಮನೆಗೆ ಹಿಟ್ಟು ಮುಟ್ಟಿಸುತ್ತೇನೆ ಎಂದ.

ಅಕ್ಕ ಎದ್ದಳು. ಕೋಲು ಹಿಡಿದು ನಡೆದಳು, ಆಮೇಲೆ ಕೋಲನ್ನೂ ಮೂಲೆಗಿಟ್ಟಳು. ಹರಕೆಯ ಸುದ್ದಿ ಕಿವಿಗೆ ಬಿದ್ದದ್ದೇ ತಡ, "ನನ್ನ ತಮ್ಮನ ಹಿಟ್ಟು ಬರುವ ತನಕ ಈ ವರ್ಷದ ಹೊಸ ರಾಗಿ ಮುದ್ದೆ ಮುಟ್ಟುವುದಿಲ್ಲ" ಎಂದು ಪಟ್ಟು ಹಿಡಿದಳು. ಮನೆಯವರೆಲ್ಲ ಬಿಸಿ ಮುದ್ದೆ ಮುರಿಯುತ್ತಿದ್ದರೆ ಅವಳೊಬ್ಬಳು ಅನ್ನ ಕಲಸುತ್ತಾ ಕೂರುತ್ತಿದ್ದಳು.

ಗಿರಣಿಯವನಿಗೆ ಸೈಕಲ್ಲೇನೂ ಹೊಸದಲ್ಲ. ಆದರೆ ಮನೆಯಿಂದ ಗಿರಣಿಗೆ, ಗಿರಣಿಯಿಂದ ಮನೆಗೆ, ಅಷ್ಟೇ ಅವನ ಸವಾರಿ. ನಲವತ್ತು ಮೈಲಿ ಎಂದ ಮೇಲೆ ಸೀಟು ಮೆತ್ತಗಿರಲೇಬೇಕು ಎಂದುಕೊಂಡ. ಅಂಗಡಿಗೆ ಹೋಗಿ, ಮಾವಿನ ಹಣ್ಣು ಆರಿಸುವವನ ಹಾಗೆ ಒಂದೊಂದೇ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಎಲ್ಲಕ್ಕಿಂತ ಮೆತ್ತಗಿದ್ದ, ದಿಂಬಿನಷ್ಟು ಅಗಲವಾದ ಸೀಟನ್ನು ತಂದು ಹಾಕಿಸಿದ.

ಮೊದಲ ಐದು ಮೈಲಿ ಪಲ್ಲಕ್ಕಿಯಲ್ಲಿ ಕೂತ ಹಾಗಿತ್ತು. ಹತ್ತನೆಯ ಮೈಲಿಗೆ ತೊಡೆ ಉಜ್ಜತೊಡಗಿತು. ಹದಿನೈದನೆಯ ಮೈಲಿಯಲ್ಲಿ ಒಂದು ಸೇತುವೆ. ಅಲ್ಲಿಗೆ ಬರುವಷ್ಟರಲ್ಲಿ ಕೂತು ತುಳಿಯಲೂ ಆಗದು, ನಿಂತು ತುಳಿಯಲೂ ಆಗದು. ಇಳಿದು ಹಿಂದಿರುಗಿದ. ಮೆತ್ತಗಿರುವುದು ಸಾಲದೆಂದು ಮುಂದಿನ ವಾರ ಸೀಟಿನ ಮೇಲೆ ಸ್ಪಂಜಿನ ಕವರ್ ಹಾಕಿದ. ಆ ಸಲ ಹನ್ನೆರಡನೆಯ ಮೈಲಿಗೇ ಇಳಿದ. ಮೂರನೆಯ ಸಲ ಹೆಂಡತಿಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಬಿಗಿದುಕೊಂಡು ಹೊರಟ. ಎಂಟು ಮೈಲಿಯೂ ದಾಟಲಿಲ್ಲ.

ಅಕ್ಕ ಫೋನು ಮಾಡಿದಳು. "ಅಲ್ಲೋ, ಮುರಿದ ನನ್ನ ಕಾಲೇ ನೆಟ್ಟಗಾಯಿತು. ಮುರಿಯದ ನಿನ್ನ ಕುಂಡೆಗೆ ಏನು ಧಾಡಿ ಬಂತೋ?"

ಗಿರಣಿಯವನು ನಕ್ಕ. ಫೋನು ಇಟ್ಟ ಮೇಲೆ ಅವನಿಗೆ ಅಳು ಬಂತು. ಕೊಟ್ಟ ಮಾತು ದೇವರ ಹತ್ತಿರ ಹಾಗೇ ಉಳಿದಿದೆ. ಅಕ್ಕ ಮುದ್ದೆ ಬಿಟ್ಟು ಕೂತಿದ್ದಾಳೆ. ನಡುವೆ ಇರುವುದು ಒಂದು ಗೇಣು ಸೀಟು.

ಆ ದಿನ ರಾಗಿ ಬೀಸಿಸಲು ಒಬ್ಬ ಮುದುಕ ಬಂದ. ಚರ್ಮದ ಕೆಲಸದವನು. ಚಪ್ಪಲಿ, ಎತ್ತಿನ ಕೊರಳ ಪಟ್ಟಿ, ಸೈಕಲ್ ಸೀಟು, ಎಲ್ಲವನ್ನೂ ಮಾಡಿ ಕೈ ಪಳಗಿದವನು. ಗಿರಣಿಯವನು ತನ್ನ ಗೋಳನ್ನೆಲ್ಲ ಹೇಳಿಕೊಂಡ.

"ಸೀಟು ಹೇಗೆ ಆರಿಸಿದೆ?" ಎಂದ ಮುದುಕ.

"ಹೆಬ್ಬೆರಳಲ್ಲಿ ಒತ್ತಿ ನೋಡಿ ತಂದೆ, ಅಜ್ಜ."

"ಹೆಬ್ಬೆರಳ ಮೇಲೆ ಕೂತು ಹೋಗುತ್ತೀಯೇನು? ಏಳು ಮೇಲಕ್ಕೆ."

ಗಿರಣಿಯವನು ಎದ್ದ. ಅವನು ದಿನವಿಡೀ ಕೂರುವುದು ಒಂದು ರಾಗಿ ಚೀಲದ ಮೇಲೆ. ಆ ಚೀಲದಲ್ಲಿ ಎರಡು ಗುಳಿ ಬಿದ್ದಿದ್ದವು. ಮುದುಕ ಚೀಲದ ಬಾಯಿಂದ ಒಂದು ದಾರ ಎಳೆದು, ಗುಳಿಯಿಂದ ಗುಳಿಗೆ ಹಿಡಿದು, ಎರಡೂ ಕಡೆ ಗಂಟು ಹಾಕಿದ.

"ನೀನು ಕೂತಾಗ ಭಾರವೆಲ್ಲ ಬೀಳುವುದು ಈ ಗುಳಿ ಮಾಡಿದ ಎರಡು ಎಲುಬಿನ ಮೇಲೆ. ಅವಕ್ಕೆ ಗಟ್ಟಿಯಾದ ಆಸರೆ ಬೇಕು. ನೀನು ಮೆತ್ತೆಯ ಮೇಲೆ ಮೆತ್ತೆ ಹೇರಿದಷ್ಟೂ ಎಲುಬು ಹೂತುಹೋಗುತ್ತದೆ, ಮಾಂಸ ಉಜ್ಜುತ್ತದೆ" ಎಂದ. ದಾರವನ್ನು ಕಿವಿಗೆ ಸುತ್ತಿಕೊಂಡು, ಹಿಟ್ಟು ಹೊತ್ತು ಹೋದ.

ಎಂಟು ದಿನಕ್ಕೆ ಆ ದಾರದ ಅಳತೆಗೆ ಒಂದು ಸೀಟು ಮಾಡಿ ತಂದ. ಬರೀ ಚರ್ಮ. ಒಳಗೆ ಒಂದು ಹಿಡಿ ಹತ್ತಿಯೂ ಇಲ್ಲ. ಗಿರಣಿಯವನು ಬೆರಳಿನಿಂದ ತಟ್ಟಿದರೆ ಟಕ್ ಎಂದಿತು.

"ಅಜ್ಜ, ಇದು ಸೀಟೋ ಮಣೆಯೋ?"

"ಮಣೆಯ ಮೇಲೆ ಕೂತೇ ಮದುವೆಯಾದೆಯಲ್ಲ, ಆಗೇನಾದರೂ ನೊಂದಿತೇ? ಒಂದು ತಿಂಗಳು ಅಕ್ಕಪಕ್ಕದ ಊರಿಗೆ ಓಡಾಡು. ಅದು ನಿನ್ನನ್ನು ಕಲಿಯಲಿ." ಹೀಗೆಂದವನು ಸೀಟನ್ನು ತಾನೇ ಕೂರಿಸಿ, ಎರಡು ಬೆರಳು ಎತ್ತರಿಸಿ ಬಿಗಿದುಕೊಟ್ಟ.

ಗಿರಣಿಯವನು ಓಡಾಡಿದ. ಮೊದಲ ವಾರವೆಲ್ಲ ಮುದುಕನನ್ನು ಬೈದುಕೊಂಡೇ ತುಳಿದ. ಆಮೇಲೆ ದಿಣ್ಣೆ ಬಂದಾಗ ಮಾತ್ರ ಬೈಯುತ್ತಿದ್ದ. ಬೈಯುವುದು ಯಾವ ದಿನ ನಿಂತಿತೋ ಅವನಿಗೇ ತಿಳಿಯದು. ತಿಂಗಳು ತುಂಬಿದ ಮೇಲೆ ಒಂದು ದಿನ ಬೆಳಗಾಗುತ್ತಲೇ ಹಿಟ್ಟಿನ ಚೀಲವನ್ನು ಹಿಂದೆ ಕಟ್ಟಿಕೊಂಡು ಹೊರಟ.

ಮಧ್ಯಾಹ್ನ ಅಕ್ಕನ ಮನೆ ಮುಟ್ಟಿದ. ಅಕ್ಕ ತನ್ನ ಕಾಲ ಮೇಲೆ ನಿಂತು ಬಾಗಿಲು ತೆರೆದಳು. ಹಿಟ್ಟಿನ ಚೀಲಕ್ಕೆ ಕೈಮುಗಿದು ಒಳಗೆ ಒಯ್ದಳು. ಅವಳು ಮುದ್ದೆ ತೊಳಸುತ್ತಿದ್ದರೆ ಅವನು ಬಾಯಿ ಬಿಡುವಿಲ್ಲದೆ ದಾರಿಯ ಸುದ್ದಿ ಹೇಳಿದ. ಕೆರೆಯ ತುಂಬ ಬೆಳ್ಳಕ್ಕಿ ಕೂತಿದ್ದವು. ಆಲೆಮನೆಯವರು ನಿಲ್ಲಿಸಿ ಕಬ್ಬಿನ ಹಾಲು ಕೊಟ್ಟರು. ಗುರುತಿಲ್ಲದ ಒಬ್ಬ ಎರಡು ಮೈಲಿ ಹಾಡು ಹೇಳುತ್ತಾ ಜೊತೆಗೆ ತುಳಿದ.

"ಅದಿರಲಿ, ಸೀಟು ಹೇಗಿತ್ತೋ?" ಎಂದಳು ಅಕ್ಕ.

"ಸೀಟೇ? ನೆನಪೇ ಆಗಲಿಲ್ಲ ಅಕ್ಕ."

ಎದ್ದು ಹೊರಗೆ ಹೋದ. ಗಟ್ಟಿ ಚರ್ಮದಲ್ಲಿ ಎರಡು ತೆಳು ಗುಳಿ ಮೂಡಿದ್ದವು. ಸೀಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ಬೈದದ್ದು ತಪ್ಪಾಯಿತು ಅಜ್ಜ" ಎಂದು ಊರಿನ ದಿಕ್ಕಿಗೆ ಕೈಮುಗಿದ.

ಒಳಗಿನಿಂದ ಅಕ್ಕ ನಗುತ್ತಾ ಕೂಗಿ ಕೇಳಿದಳು. "ಮೂರು ವರ್ಷ ನಿನ್ನನ್ನು ಸೊಂಟದಿಂದ ಇಳಿಸದೆ ಹೊತ್ತು ತಿರುಗಿದೆನಲ್ಲ, ಅದು ನೆನಪಿದೆಯೇನೋ?"

"ಇಲ್ಲ ಅಕ್ಕ."

"ಒಂದು ದಿನ ಕೈಜಾರಿ ಬೀಳಿಸಿಬಿಟ್ಟೆ. ಅದು?"

"ಅದು ನೆನಪಿದೆ!" ಎಂದು ಗಿರಣಿಯವನು ಹಣೆಯ ಹಳೆಯ ಗಾಯ ಮುಟ್ಟಿಕೊಂಡ. ಮುಟ್ಟಿಕೊಂಡ ಕೈ ಅಲ್ಲೇ ನಿಂತಿತು. ಒಳಗೆ ಬಂದು ಅಕ್ಕನ ಕಾಲಿಗೆ ಬಿದ್ದ. "ಏಳೋ, ಮುದ್ದೆ ಆರುತ್ತದೆ" ಎಂದು ಅಕ್ಕ ಹೊಸ ರಾಗಿಯ ಮೊದಲ ತುತ್ತನ್ನು ಮುರಿದಳು.

ಗುರುಗಳು ಕತೆ ಮುಗಿಸಿದರು. ಮರುಳಪ್ಪ ಬಾಗಿಲ ಬಳಿಯ ಗಂಟಿನ ಕಡೆ ನೋಡಿದ.

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ಪ್ರಶ್ನೆಗೆ ಉತ್ತರ?"

ಅಷ್ಟರಲ್ಲಿ ಅಡುಗೆಮನೆಯಿಂದ ಗದರುವ ದನಿ ಬಂತು. "ಏ ಮರುಳಪ್ಪ! ಎಲೆ ಹಾಕಿ ಎಷ್ಟು ಹೊತ್ತಾಯಿತು? ಎಂಟು ವರ್ಷದಿಂದ ದಿನಾ ನಿನ್ನನ್ನು ಕೂಗಿ ಕೂಗಿ ಕರೆಯಬೇಕಲ್ಲೋ! ಬಿಸಿ ಇರುವಾಗಲೇ ಉಣ್ಣು ಬಾ!"

ಗುರುಗಳು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು.

"ಒಬ್ಬರೂ ನೆನಪಾಗದಷ್ಟು ಚೆನ್ನಾಗಿ ನಿನ್ನನ್ನು ಹೊತ್ತಿದ್ದಾರೆ, ಮಗು."