ಬಗ್ಗಿ ಚೆಂಡು ಕೊಡುತ್ತಿದ್ದವನು

"ಗುರುಗಳೇ, ನಮ್ಮನ್ನು ನೋಯಿಸಿದವರನ್ನು ಕ್ಷಮಿಸುವುದು ಹೇಗೆ?" ಎಂದು ಮರುಳಯ್ಯ ಕೇಳಿದ.

ಜೊತೆಯಲ್ಲೇ ಓದಿದ ಗೆಳೆಯನೊಡನೆ ಅವನು ಮಾತು ಬಿಟ್ಟು ಬಹಳ ದಿನವಾಗಿತ್ತು. ಗುರುಗಳಿಗೆ ಅದು ಗೊತ್ತಿತ್ತು. ಅವರು ಈ ಕತೆ ಹೇಳಿದರು.

ಅಮೆರಿಕದ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಫುಟ್‌ಬಾಲ್ ತಂಡವಿತ್ತು. ಅವರ ಫುಟ್‌ಬಾಲ್ ನಮ್ಮದರಂತಲ್ಲ. ಅಲ್ಲಿ ಚೆಂಡು ಉದ್ದಕ್ಕಿರುತ್ತದೆ, ಎರಡು ಕಡೆಯೂ ಚೂಪು. ಅದನ್ನು ಹೆಚ್ಚಾಗಿ ಕೈಯಲ್ಲೇ ಆಡುತ್ತಾರೆ. ಎದುರಾಳಿಗಳನ್ನು ನೂಕಿ, ಚೆಂಡನ್ನು ಅವರ ಗೆರೆ ದಾಟಿಸಬೇಕು.

ಆ ತಂಡದಲ್ಲಿ ಇಬ್ಬರು ಗೆಳೆಯರಿದ್ದರು. ಒಬ್ಬ ನೆಲಕ್ಕೆ ಬಗ್ಗಿ, ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುವವನು. ಇನ್ನೊಬ್ಬ ಹಿಂದೆ ನಿಂತು, ಅದನ್ನು ಹಿಡಿದು ಮುಂದಕ್ಕೆ ಎಸೆಯುವವನು. ಚೆಂಡು ಕೈಬಿಟ್ಟ ಕೂಡಲೇ ಕೊಡುವವನ ಮೇಲೆ ಎದುರಿನವರು ಬೀಳುತ್ತಿದ್ದರು. ಮುಂದೆ ನಡೆದದ್ದೊಂದೂ ಅವನಿಗೆ ಕಾಣುತ್ತಿರಲಿಲ್ಲ. ಜನರ ಕೂಗು ಮಾತ್ರ ಕೇಳುತ್ತಿತ್ತು. ಎದ್ದು ಮಣ್ಣು ಕೊಡವಿಕೊಳ್ಳುತ್ತ "ಏನಾಯಿತು?" ಎಂದು ಗೆಳೆಯನನ್ನು ಕೇಳುತ್ತಿದ್ದ. ಗೆಳೆಯ ಹೇಳುತ್ತಿದ್ದ. ಕೊಡುವವನು ತನ್ನ ಆಟವನ್ನೆಲ್ಲ ನೋಡಿದ್ದು ಹೀಗೆ ಗೆಳೆಯನ ಮಾತಿನಲ್ಲೇ.

ಆ ವರ್ಷ ತಂಡ ಗೆಲ್ಲುತ್ತಲೇ ಹೋಯಿತು. ಎಲೆ ಉದುರುವ ಕಾಲ. ಶನಿವಾರ ಬಂದರೆ ಅಂಗಡಿಗಳು ಬಾಗಿಲು ಹಾಕುತ್ತಿದ್ದವು, ಊರಿಗೆ ಊರೇ ಮೈದಾನದಲ್ಲಿರುತ್ತಿತ್ತು. ಬೇರೆ ಊರಿನಲ್ಲಿ ಆಡಿ ಬರುವಾಗ ಗೆಳೆಯರಿಬ್ಬರೂ ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದೇ ಕಂಬಳಿ ಹೊದ್ದು ಕೂರುತ್ತಿದ್ದರು. ಕೊಡುವವನ ಬಾಳಿನಲ್ಲಿ ಅಂಥ ದಿನಗಳು ಮತ್ತೆ ಬರಲಿಲ್ಲ.

ಕೊನೆಯ ಪಂದ್ಯದ ದಿನ ಹಿಮ ಬೀಳುತ್ತಿತ್ತು. ಗೆರೆ ಎದುರಿಗೇ ಇತ್ತು, ಉಳಿದದ್ದು ಒಂದೇ ಎಸೆತ. ಅವನು ಬಗ್ಗಿ ಚೆಂಡು ಕೊಟ್ಟ. ಮೈಮೇಲೆ ಜನ ಬಿದ್ದರು. ಈ ಸಲ ಕೂಗು ಕೇಳಿಸಿದ್ದು ಎದುರು ಪಕ್ಷದ ಕಡೆಯಿಂದ.

ಎದ್ದು ಕೇಳಿದ: "ಏನಾಯಿತು?"

"ನನ್ನ ಕೈ ಜಾರಿತು" ಎಂದ ಗೆಳೆಯ.

ಊರು ಎಸೆಯುವವನನ್ನು ಬೈಯಿತು. ಅವನು ದಾರಿಯಲ್ಲಿ ಹೋದರೆ ಜನ ಮುಖ ತಿರುಗಿಸಿದರು. ಕೊಡುವವನೂ ತಿರುಗಿಸಿದ. ಕಾಲೇಜು ಮುಗಿದ ಮೇಲೆ ಇಬ್ಬರೂ ಬೇರೆ ಬೇರೆ ಊರು ಸೇರಿದರು. ಎಲೆ ಉದುರುವ ಕಾಲ ಬಂದಾಗಲೆಲ್ಲ ಕೊಡುವವನಿಗೆ ಆ ದಿನಗಳು ನೆನಪಾಗುತ್ತಿದ್ದವು. ಆದರೆ ಕೊನೆಗೆ ಆ ಜಾರಿದ ಕೈ ಬಂದು ನಿಲ್ಲುತ್ತಿತ್ತು. ಅಲ್ಲಿಗೆ ನೆನಪೆಲ್ಲ ಕಹಿ.

ತಲೆಗೂದಲು ನರೆಯುವ ಹೊತ್ತಿಗೆ ಹಳೆಯ ಆಟಗಾರರೆಲ್ಲ ಕಾಲೇಜಿನಲ್ಲಿ ಒಮ್ಮೆ ಸೇರಿದರು. ಅಲ್ಲಿ ಕೊಡುವವನು ಎಲ್ಲರ ಎದುರು ಗೆಳೆಯನ ಹೆಗಲ ಮೇಲೆ ಕೈಯಿಟ್ಟು, "ಆದದ್ದು ಆಗಿಹೋಯಿತು. ನಾನು ನಿನ್ನನ್ನು ಕ್ಷಮಿಸಿದ್ದೇನೆ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಗೆಳೆಯನ ಕಣ್ಣು ತುಂಬಿತು. "ದೊಡ್ಡ ಮನಸ್ಸು ಮಾಡಿದೆ" ಎಂದ. ಕೊಡುವವನು ಅಂದು ತನ್ನನ್ನು ತಾನೇ ಮೆಚ್ಚಿಕೊಂಡು ಮನೆಗೆ ಹೋದ.

ಕೆಲವು ವರ್ಷಗಳ ಮೇಲೆ ಒಂದು ಮದುವೆಯಲ್ಲಿ ಮುದುಕನೊಬ್ಬ ಅವನ ಗುರುತು ಹಿಡಿದ. ಕೊನೆಯ ಪಂದ್ಯದಲ್ಲಿ ಕೊಡುವವನ ಎದುರಿಗೇ ನಿಂತಿದ್ದ ಎದುರಾಳಿ ಆ ಮುದುಕ. ನಗುತ್ತ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಅವನು ಹೇಳಿದ: "ಪಾಪ, ಆ ದಿನ ಚೆಂಡು ಒದ್ದೆಯಾಗಿತ್ತು. ನಿಮ್ಮ ಬೆರಳಿನಲ್ಲೇ ತಿರುಗಿಹೋಯಿತು. ಹೋಗಿ ನಿಮ್ಮ ಗೆಳೆಯನ ಮಣಿಕಟ್ಟಿಗೆ ಬಡಿಯಿತು. ಅದನ್ನು ಯಾರಿಂದ ಹಿಡಿಯಲಾಗುತ್ತಿತ್ತು? ದೂರ ಕೂತ ಜನಕ್ಕೆ ಅವನ ಕೈ ಜಾರಿದಂತೆ ಕಂಡಿತು. ನಿಮ್ಮ ಎದುರಿಗಿದ್ದ ನನಗೆ ಗೊತ್ತು."

ಕೊಡುವವನಿಗೆ ಊಟ ಸೇರಲಿಲ್ಲ. ಮರುದಿನವೇ ಹೊರಟು ಗೆಳೆಯನ ಊರಿಗೆ ಹೋದ. ಗೆಳೆಯ ಅಂಗಳದಲ್ಲಿ ಬಿದ್ದ ಎಲೆ ಗುಡಿಸುತ್ತಿದ್ದ.

"ನನಗೇಕೆ ಹೇಳಲಿಲ್ಲ?" ಎಂದು ಇವನು ಗೇಟಿನಲ್ಲೇ ನಿಂತು ಕೇಳಿದ.

ಗೆಳೆಯನಿಗೆ ತಕ್ಷಣ ಅರ್ಥವಾಯಿತು. ಪೊರಕೆ ಗೋಡೆಗೆ ಒರಗಿಸಿದ. "ನೀನು ಹಿಮದಿಂದ ಎದ್ದು ಬಂದೆ. ಮೂಗಿನಿಂದ ರಕ್ತ ಬರುತ್ತಿತ್ತು. ಆ ಮುಖ ನೋಡಿಕೊಂಡು ಬೇರೆ ಏನು ಹೇಳಲಿ?"

"ಆಮೇಲಾದರೂ ಹೇಳಬಹುದಿತ್ತು."

"ಆಮೇಲೆ ನೀನು ಮಾತೇ ಆಡಲಿಲ್ಲವಲ್ಲೋ."

ಕೊಡುವವನು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ. ಗೆಳೆಯ ಒಳಗೆ ಹೋಗಿ ಎರಡು ಲೋಟ ಕಾಫಿ ತಂದ. ಕತ್ತಲಾಗುವವರೆಗೂ ಇಬ್ಬರೂ ಆ ವರ್ಷದ ಮಾತು ಆಡಿದರು. ದಾರಿ ತಪ್ಪಿ ಹೊಲಕ್ಕೆ ಬಸ್ಸು ನುಗ್ಗಿಸಿದ ಡ್ರೈವರು, ಗೆದ್ದ ದಿನ ಅಡುಗೆಯವಳು ಎಲ್ಲರಿಗೂ ಹಂಚಿದ ಸೇಬಿನ ಸಿಹಿ, ಇಬ್ಬರೂ ಬದಲಿಸಿ ಬದಲಿಸಿ ಹಾಕಿಕೊಂಡ ಒಂದೇ ಜೊತೆ ಒಳ್ಳೆಯ ಬೂಟು. ಕಳೆದುಹೋಗಿದ್ದ ಆ ದಿನಗಳು ಕೊಡುವವನಿಗೆ ಕಹಿಯಿಲ್ಲದೆ ಸಿಕ್ಕಿದ್ದು ಆ ಸಂಜೆಯೇ.

ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯ ಕೇಳಿದ: "ಅಷ್ಟು ವರ್ಷ ಮಾತು ಬಿಟ್ಟವನನ್ನು, ಎಲ್ಲರೆದುರು ಕ್ಷಮಿಸಿದೆನೆಂದವನನ್ನು, ಆ ಗೆಳೆಯ ಹೇಗೆ ಕ್ಷಮಿಸಿದ ಗುರುಗಳೇ?"

"ಕ್ಷಮಿಸುವಂಥದ್ದೇನೂ ಅವನಿಗೆ ಕಂಡಿರಲೇ ಇಲ್ಲ" ಎಂದರು ಗುರುಗಳು.